‘ನೋ ಸರ್’ ಎಂದ ಹೆಡ್ ಕಾನ್‌ಸ್ಟೇಬಲ್

ನ್ಯಾಮತಿ

ಅಮೆರಿಕಕ್ಕೆ ಹೋಗಿ ಬಂದೆವು ಅಂದ ಕೂಡಲೇ ನಮ್ಮ ಬೀದಿಯವರು ಕೇಳುವುದು ಎರಡೇ ಪ್ರಶ್ನೆ. ಊಟಕ್ಕೆ ಏನು ಮಾಡಿದಿರಿ, ಚಳಿ ಹೇಗೆ ತಡೆದಿರಿ. ಎರಡಕ್ಕೂ ನನ್ನ ಹತ್ತಿರ ಉತ್ತರ ಸಿದ್ಧವಾಗಿದೆ. ಊಟಕ್ಕೆ ರೊಟ್ಟಿ, ಶೇಂಗಾ ಚಟ್ನಿಪುಡಿ. ಹೋದದ್ದು ಬೇಸಿಗೆಯಲ್ಲಾದ್ದರಿಂದ ಚಳಿಯ ವಿಚಾರ ನನಗೆ ಗೊತ್ತಿಲ್ಲ. ಆದರೆ ಯಾರೂ ಕೇಳದ ಸಂಗತಿಯೊಂದು ಅಲ್ಲಿ ನಡೆಯಿತು. ನಾನು ಹೇಳದಿದ್ದರೆ ನಮ್ಮ ಯಜಮಾನರಂತೂ ಬಾಯಿ ಬಿಡುವವರಲ್ಲ. ಅವರನ್ನು ಕೇಳಿಯೇ ಬರೆಯಲು ಕೂತಿದ್ದೇನೆ. “ಬರಿ, ನನ್ನ ಹೆಸರೊಂದು ಹಾಕಬ್ಯಾಡ” ಅಂದರು. ಹಾಕುವುದಿಲ್ಲ.

ಅವರು ಪೊಲೀಸ್ ಇಲಾಖೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದವರು. ಚನ್ನಗಿರಿ, ಹೊನ್ನಾಳಿ, ಜಗಳೂರು, ಮತ್ತೆ ಹೊನ್ನಾಳಿ, ಹೀಗೆ ಸರ್ವಿಸ್ ಪೂರ್ತಿ ವರ್ಗಾವಣೆಯಲ್ಲೇ ಕಳೆಯಿತು. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ, ಹೆಚ್ಚಿನ ಕಾಲ ತ್ಯಾವಣಿಗೆಯಲ್ಲಿ. ಈಗ ಇಬ್ಬರೂ ನ್ಯಾಮತಿಯಲ್ಲಿ ಇದ್ದೇವೆ. ಊರು ತಾಲ್ಲೂಕು ಕೇಂದ್ರವಾದ ಮೇಲೆ ನಮ್ಮ ಮನೆ ಮುಂದಿನ ರಸ್ತೆಗೆ ಧೂಳು ಹೆಚ್ಚಾಗಿದೆ, ಬೇರೇನೂ ಬದಲಾಗಿಲ್ಲ ಎಂಬುದು ನನ್ನ ತಕರಾರು.

ಅವರ ಕೆಲಸದಲ್ಲಿ ನಾನು ಕಣ್ಣಾರೆ ಕಂಡದ್ದೆಂದರೆ ಗಾಡಿ ಚೆಕ್ ಮಾಡುವುದು. ಜಗಳೂರಿನಲ್ಲಿದ್ದಾಗ ಎಲೆಕ್ಷನ್ ಬಂದರೆ ಚೆಕ್‌ಪೋಸ್ಟ್ ಡ್ಯೂಟಿ ಬೀಳುತ್ತಿತ್ತು. ನಾನು ಬುತ್ತಿ ತೆಗೆದುಕೊಂಡು ಹೋದರೆ, ಇವರು ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಕೈ ತೋರಿಸಿದ ಕೂಡಲೇ ಗಾಡಿ ನಿಲ್ಲುತ್ತಿತ್ತು. ಡ್ರೈವರ್ ಇಳಿದು, ತಲೆಗೆ ಸುತ್ತಿದ ಟವೆಲ್ ಬಿಚ್ಚಿ, ಪೇಪರ್ ಹಿಡಿದುಕೊಂಡು ಕುರ್ಚಿಯ ಹತ್ತಿರಕ್ಕೆ ಬರುತ್ತಿದ್ದ. ಇವರು ಬಾಯಿ ತೆರೆಯುವ ಮೊದಲೇ ಡಿಕ್ಕಿ ತೆರೆದಿರುತ್ತಿತ್ತು. “ನೋಡ್ಕಳ್ಳಿ ಸಾಹೇಬ್ರೆ, ಏನಿಲ್ಲ” ಅನ್ನುತ್ತಿದ್ದರು. ನಮ್ಮ ಕಡೆ ಅದೇ ಮರ್ಯಾದೆ. ಗಾಡಿಯಲ್ಲೇ ಕೂತು ಕಿಟಕಿ ಇಳಿಸಿ ಪೊಲೀಸರ ಜೊತೆ ಮಾತಾಡುವವನನ್ನು ಸೊಕ್ಕಿನವನು ಅನ್ನುತ್ತಾರೆ. ಅಂಥವನ ಗಾಡಿಯ ಸೀಟನ್ನೂ ಬಿಚ್ಚಿ ಕೆಳಗಿಳಿಸಿ ಹುಡುಕುತ್ತಿದ್ದರು.

ನಮ್ಮನ್ನು ಕರೆಸಿಕೊಂಡವಳು ರೇಣುಕಾ, ಕತ್ತಲಗೆರೆಯ ನಮ್ಮ ಭಾವನವರ, ಅಂದರೆ ಯಜಮಾನರ ಅಣ್ಣನ ಮಗಳು. ಭಾವ ತೀರಿಕೊಂಡಾಗ ಅವಳಿನ್ನೂ ಶಾಲೆಯಲ್ಲಿದ್ದಳು. ಆಮೇಲೆ ಅವಳ ಅಪ್ಪನ ಜಾಗದಲ್ಲಿ ನಿಂತವರು ನಮ್ಮ ಯಜಮಾನರು. ನರ್ಸಿಂಗ್ ಸೇರಿಸಲು ದಾವಣಗೆರೆಗೆ ತಮ್ಮ ಬೈಕಿನಲ್ಲೇ ಕರೆದುಕೊಂಡು ಹೋಗಿದ್ದರು. ಅವಳು ಓದಿ, ಗಲ್ಫ್‌ನಲ್ಲಿ ದುಡಿದು, ಪರೀಕ್ಷೆಯ ಮೇಲೆ ಪರೀಕ್ಷೆ ಬರೆದು ಅಮೆರಿಕದ ನರ್ಸ್ ಲೈಸೆನ್ಸ್ ಪಡೆದಳು. ಈಗ ಅಯೋವಾ ಎಂಬ ರಾಜ್ಯದಲ್ಲಿ ವೃದ್ಧರ ಆಸ್ಪತ್ರೆಯೊಂದರಲ್ಲಿ ಕೆಲಸ. ಮದುವೆಯ ಮಾತೆತ್ತಿದರೆ ಫೋನಿನಲ್ಲಿ ಸಿಗ್ನಲ್ ಇಲ್ಲ ಅನ್ನುತ್ತಾಳೆ.

ಷಿಕಾಗೊ ವಿಮಾನ ನಿಲ್ದಾಣ

ವಿಮಾನದಲ್ಲಿ ಕೂತೂ ಕೂತೂ ನಮ್ಮ ಯಜಮಾನರ ಸೊಂಟ ಹಿಡಿದುಕೊಂಡಿತ್ತು. ಹಿಂದೆ ಬಂದೋಬಸ್ತಿಗೆ ಹೋದಾಗ ವ್ಯಾನಿನಿಂದ ಬಿದ್ದ ಪೆಟ್ಟು ಅದು. ಗೋಡೆ ಹಿಡಿದುಕೊಂಡು ನಡೆಯುತ್ತಿದ್ದರು. ಆದರೆ ಕಸ್ಟಮ್ಸ್ ಕೌಂಟರಿನಲ್ಲಿ ಯೂನಿಫಾರಂ ಕಂಡದ್ದೇ ತಡ, ಬೆನ್ನು ನೆಟ್ಟಗಾಯಿತು.

ಅಲ್ಲಿದ್ದ ಹೆಂಗಸು ತಿನ್ನುವ ಪದಾರ್ಥ ಏನಾದರೂ ತಂದಿದ್ದೀರಾ ಎಂದು ಕೇಳಿದಳು. ನಾನು ವಾಕ್ಯ ಜೋಡಿಸಿಕೊಳ್ಳುವಷ್ಟರಲ್ಲಿ ಇವರು ಸೂಟ್‌ಕೇಸನ್ನು ಎತ್ತಿ ಕಟ್ಟೆಯ ಮೇಲೆ ಇಟ್ಟು, ಬೀಗ ತೆಗೆದು, ಒಂದೊಂದೇ ಹೊರಗೆ ಇಡತೊಡಗಿದರು. ರೊಟ್ಟಿ ಕಟ್ಟು, ಚಟ್ನಿಪುಡಿ, ನನ್ನ ಒಳಲಂಗ, ಮತ್ತೆ ಚಟ್ನಿಪುಡಿ. ಹಿಂದಿನ ಸಾಲಿನಲ್ಲಿದ್ದವರು ಛಾವಣಿ ನೋಡಿದರು. ಆ ಹೆಂಗಸು “ಸರ್, ನಾನು ತೆಗೆಯಿರಿ ಅನ್ನಲಿಲ್ಲವಲ್ಲ, ಕೇಳಿದೆ ಅಷ್ಟೇ” ಎಂದಳು. ಇವರು ಅದನ್ನು ಹೊಗಳಿಕೆ ಎಂದು ತಿಳಿದು ನಕ್ಕರು.

“ಮಾನ ಕಳೆದ್ರಲ್ರೀ” ಅಂದೆ ಹೊರಗೆ ಬಂದ ಮೇಲೆ.

“ಮುಚ್ಚಿಡಾಕೆ ಏನೈತೆ? ತೆರೆದು ತೋರಿಸಿದೋರ ಮೇಲೆ ಯಾರಿಗೂ ಅನುಮಾನ ಬರಲ್ಲ. ಅನುಭವದ ಮಾತು ಕೇಳು” ಅಂದರು.

ಡೆ ಮೊಯ್ನ್, ರೇಣುಕಾಳ ಮನೆ

ಅಯೋವಾ ತುಂಬ ಮೆಕ್ಕೆಜೋಳ. ವಿಮಾನದಿಂದ ಕೆಳಗೆ ನೋಡಿದಾಗಲೇ ಇವರು “ಏನೇ ಇದು, ಸುತ್ತಿ ಬಳಸಿ ಜಗಳೂರಿಗೇ ಬಂದ್ವಾ?” ಎಂದು ಕೇಳಿದ್ದರು. ಜಗಳೂರಿನ ಹೊಲದಲ್ಲಿ ಜೋಳದ ಜೊತೆಗೆ ಜನ ಕಾಣುತ್ತಾರೆ. ಇಲ್ಲಿ ಮೈಲುಗಟ್ಟಲೆ ಬೆಳೆ, ಒಂದು ನರಪಿಳ್ಳೆ ಇಲ್ಲ. ಬದುವಿನ ಮೇಲೆ ಕೂತು ಬುತ್ತಿ ಬಿಚ್ಚುವವರಿಲ್ಲದ ಹೊಲ ನನಗಂತೂ ಬಿಕೋ ಎನಿಸಿತು.

ರೇಣುಕಾಳ ಬೀದಿಯವರು ಒಳ್ಳೆಯವರು. ಕಂಡಕಂಡವರೆಲ್ಲ ಹೇಗಿದ್ದೀರಿ ಎಂದು ಕೇಳುತ್ತಾರೆ, ಆದರೆ ಉತ್ತರಕ್ಕೆ ನಿಲ್ಲುವುದಿಲ್ಲ. ನಾನು ಮೊದಲ ದಿನ ಪಕ್ಕದ ಮನೆಯ ಮುದುಕನಿಗೆ ಇವರ ಸೊಂಟದ ಕಥೆಯನ್ನೆಲ್ಲ ಹೇಳಲು ಶುರು ಮಾಡಿದೆ. ಆತ ಪಾಪ, ನಾಯಿಯ ಹಗ್ಗ ಹಿಡಿದುಕೊಂಡು ಹಿಂದೆ ಹಿಂದೆ ಸರಿಯುತ್ತ ಪೂರ್ತಿ ಕೇಳಿದ. ಅವರ ಮನೆಗಳಿಗೆ ಕಾಂಪೌಂಡ್ ಗೋಡೆಯೂ ಇಲ್ಲ. ಆದರೂ ಬೇರೆಯವರ ಹುಲ್ಲಿನ ಮೇಲೆ ಯಾರೂ ಕಾಲಿಡುವುದಿಲ್ಲ. ನಮ್ಮ ಬೀದಿಯಲ್ಲಾದರೆ ಗೋಡೆ ಹಾರಿ ಬಂದು ಕರಿಬೇವು ಕಿತ್ತುಕೊಂಡು, ಹೋಗುವಾಗ ಬಾಗಿಲು ತಟ್ಟಿ “ತಗೊಂಡೆ ಅಕ್ಕಾ” ಅಂದು ಹೋಗುತ್ತಾರೆ.

ಎರಡನೆಯ ದಿನ ಬೆಳಿಗ್ಗೆ ರೇಣುಕಾ ಅಡುಗೆಮನೆಯ ಕಟ್ಟೆಯ ಮೇಲೆ ತನ್ನ ಚಿಕ್ಕಪ್ಪನ ಎಲೆ-ಅಡಿಕೆ ಸಂಚಿಯನ್ನು ಕಂಡಳು. ಎಲೆ-ಅಡಿಕೆ ಬಿಟ್ಟು ಎಷ್ಟೋ ವರ್ಷವಾಗಿದೆ. ಈಗ ಅದರಲ್ಲಿ ಇರುವುದು ಮಾತ್ರೆ. ನ್ಯಾಮತಿಯ ಮೆಡಿಕಲ್ ಶಾಪಿನವರು ಗುರುತಿನವರು, ಡಾಕ್ಟರ ಚೀಟಿ ಕೇಳುವುದಿಲ್ಲ. ಸೊಂಟ ನೋವಿಗೆಂದು ಪಟ್ಟಿಪಟ್ಟಿಯಾಗಿ ಕತ್ತರಿಸಿ ಕೊಟ್ಟಿದ್ದರು. ಏರ್‌ಪೋರ್ಟಿನಲ್ಲಿ ರೊಟ್ಟಿಯನ್ನೂ ಬಿಡದೆ ತೋರಿಸಿದ ಇವರಿಗೆ ಇದನ್ನು ತೋರಿಸಬೇಕೆಂದು ಹೊಳೆದೇ ಇರಲಿಲ್ಲ. ನನಗೂ ಹೊಳೆದಿರಲಿಲ್ಲ. ಔಷಧಿ ತಾನೇ?

ರೇಣುಕಾ ಒಂದು ಪಟ್ಟಿಯನ್ನು ಬೆಳಕಿಗೆ ಹಿಡಿದು ಓದಿದಳು. ಅವಳ ಮುಖ ಸಣ್ಣಗಾಯಿತು.

“ಚಿಕ್ಕಪ್ಪಾ, ಇದು ಯಾವ ಮಾತ್ರೆ ಅಂತ ಗೊತ್ತೇನ್ರಿ?”

“ನೋವಿನ ಮಾತ್ರೆ ಕಣವ್ವ. ಭಾಳ ಚೆನ್ನಾಗಿ ಕೆಲಸ ಮಾಡ್ತೈತೆ.”

“ಮಾಡೇ ಮಾಡ್ತೈತೆ. ಇದನ್ನ ಚಟಕ್ಕೆ ತಗೊಳ್ಳೋರು ಇಲ್ಲಿ ಊರಿಗೆ ಊರೇ ಅವ್ರೆ. ಇಲ್ಲಿ ಡಾಕ್ಟರ ಚೀಟಿ ಇಲ್ದೆ ಇದು ಕೈಯಾಗೆ ಸಿಕ್ರೆ ಕೇಸು.” ಅವಳು ಪಟ್ಟಿಯನ್ನು ಕೆಳಗಿಟ್ಟಳು. “ನಿಮ್ಮ ಮೇಲೆ ಕೇಸು ಆದ್ರೆ ಒಂದು ಲೆಕ್ಕ. ನಾನು ನರ್ಸು. ನನ್ನ ಮನೇಲಿ, ನನ್ನ ಕಾರಲ್ಲಿ ಇದು ಸಿಕ್ಕಿದ್ರೆ ಅವರು ಮೊದಲು ಕೇಳೋದೇ ಆಸ್ಪತ್ರೆಯಿಂದ ಕದ್ದೆಯಾ ಅಂತ. ವಿಚಾರಣೆ ಮುಗಿಯೋ ಮಟ ಲೈಸೆನ್ಸು ಅಮಾನತ್ತು. ಲೈಸೆನ್ಸು ಹೋದ್ರೆ ಕೆಲಸ, ಕೆಲಸ ಹೋದ್ರೆ ವೀಸಾ. ಅಷ್ಟೇ ನನ್ನ ಕಥೆ.”

ನಮ್ಮ ಯಜಮಾನರು ಪೆಚ್ಚಾದರು. “ಎಸೆದುಬಿಡ್ತೀನಿ ಬಿಡವ್ವ” ಅಂದರು.

“ಕಸದಾಗೆ ಹಾಕಬ್ಯಾಡ್ರಿ, ಯಾರಾದ್ರೂ ಆರಿಸ್ಕೊಂಡಾರು. ಅದಕ್ಕೆ ಅಂತಾನೇ ಜಾಗ ಐತೆ, ನಾನೇ ಹಾಕ್ತೀನಿ. ನಿಮಗೆ ಇಲ್ಲೇ ಡಾಕ್ಟರಿಗೆ ತೋರಿಸ್ತೀನಿ” ಅಂದವಳು ಡ್ಯೂಟಿಗೆ ಹೊತ್ತಾಯಿತೆಂದು ಓಡಿದಳು. ಸಂಜೆ ಬಂದು ಮಾತ್ರೆ ಎಲ್ಲಿ ಎಂದು ಕೇಳಿದಾಗ ಇವರು “ಆಯ್ತು, ಅದರ ಚಿಂತೆ ಬಿಡು” ಅಂದರು. ನಾನೂ ನಂಬಿದೆ, ಅವಳೂ ನಂಬಿದಳು.

ಜೋಳದ ನಡುವಿನ ರಸ್ತೆ

ಎಲ್ಲರೂ ನೋಡುವ ಜಲಪಾತ, ಎತ್ತರದ ಕಟ್ಟಡ ನಮಗೆ ಬೇಡವೆಂದು ಇವರು ಮೊದಲೇ ಹೇಳಿದ್ದರು. “ಒಂದು ದೊಡ್ಡ ಹೊಳೆ ತೋರಿಸು ಸಾಕು” ಅಂದಿದ್ದರು. ಹೊನ್ನಾಳಿಯಲ್ಲಿ ಸೇತುವೆಯ ಮೇಲೆ ನಿಂತು ತುಂಗಭದ್ರೆಯ ಪ್ರವಾಹಕ್ಕೆ ಬಂದೋಬಸ್ತು ಕೊಟ್ಟವರು. ಹೊಳೆಯೆಂದರೆ ಅವರಿಗೆ ಸ್ವಂತದ್ದು. ರೇಣುಕಾ ರಜೆ ಹಾಕಿದಳು. ಮಿಸ್ಸಿಸಿಪ್ಪಿ ನೋಡಲು ಮೂವರೂ ಅವಳ ಕಾರಿನಲ್ಲಿ ಹೊರಟೆವು. ದೊಡ್ಡ ಹೈವೇ ಬಿಟ್ಟು ಹಳ್ಳಿಗಳ ನಡುವಿನ ರಸ್ತೆ ಹಿಡಿದಳು. ಇವರು ಮುಂದಿನ ಸೀಟನ್ನು ಹಿಂದಕ್ಕೆ ಸರಿಸಿಕೊಂಡು ಕೂತಿದ್ದರು, ಕಾಲ ಹತ್ತಿರ ಅವರ ಹೆಗಲ ಬ್ಯಾಗು. ನಾನು ಹಿಂದೆ ಕೂತಿದ್ದೆ.

ದಾರಿಯಲ್ಲಿ ಕಾಫಿಗೆ ನಿಲ್ಲಿಸಿದಾಗ ರೇಣುಕಾ ಒಳಗೆ ಹೋದಳು. ಇವರು ಬ್ಯಾಗಿನ ಜಿಪ್ ಎಳೆದು, ಸಂಚಿ ತೆಗೆದು, ಒಂದು ಮಾತ್ರೆ ಬಾಯಿಗೆ ಹಾಕಿಕೊಂಡರು.

“ಏನ್ರೀ ಇದು? ಎಸೆದೆ ಅಂದ್ರಲ್ಲ?”

“ಎಸೆದೆ ಅನ್ನಲಿಲ್ಲ. ಚಿಂತೆ ಬಿಡು ಅಂದೆ. ಇಷ್ಟು ದೂರ ಕೂರಾಕೆ ಆಗ್ಬೇಕಲ್ಲೇ. ವಾಪಸ್ ಹೋದ ಮೇಲೆ ಎಸೀತೀನಿ. ಅವಳಿಗೆ ಹೇಳಬ್ಯಾಡ, ಸುಮ್ನೆ ಗಾಬರಿ ಆಗ್ತಾಳೆ.”

ನನಗೆ ಸಿಟ್ಟು ನೆತ್ತಿಗೇರಿತು. ಹೇಳಿಬಿಡಬೇಕು ಎಂದು ಬಾಯಿ ತೆರೆಯುವಷ್ಟರಲ್ಲಿ ಅವಳು ಕಾಫಿ ಹಿಡಿದುಕೊಂಡು ನಗುತ್ತ ಬಂದಳು. ಮುಂದಿನ ಊರಿನಲ್ಲಿ ಹೇಳೋಣ ಎಂದುಕೊಂಡೆ. ಮುಂದಿನ ಊರು ಬರುವ ಮೊದಲೇ ಹಿಂದೆ ಕೆಂಪು ನೀಲಿ ದೀಪ ಹೊತ್ತಿಕೊಂಡಿತು.

ರೇಣುಕಾ ರಸ್ತೆಯ ಅಂಚಿಗೆ ಕಾರು ನಿಲ್ಲಿಸಿ, ಕಿಟಕಿ ಇಳಿಸಿ, ಎರಡೂ ಕೈಯನ್ನು ಸ್ಟೇರಿಂಗ್ ಮೇಲೆ ಕಾಣುವಂತೆ ಇಟ್ಟಳು. ಅಷ್ಟರಲ್ಲಿ ನಮ್ಮ ಯಜಮಾನರು ಬೆಲ್ಟ್ ಬಿಚ್ಚಿ, ಬಾಗಿಲು ತೆರೆದು, ಒಂದು ಕಾಲು ಹೊರಗೆ ಇಟ್ಟಿದ್ದರು. ಕೈ ಷರ್ಟಿನ ಜೇಬಿಗೆ ಹೋಗಿತ್ತು. ಅಲ್ಲಿ ಅವರ ನಿವೃತ್ತ ಪೊಲೀಸ್ ಗುರುತಿನ ಚೀಟಿ ಇರುತ್ತದೆ. ಸಾಹೇಬರು ಇಳಿದು ನಮ್ಮ ಹತ್ತಿರ ಬರುವ ಮೊದಲು ನಾವು ಇಳಿದು ಅವರ ಹತ್ತಿರ ಹೋಗಬೇಕು. ಹುಟ್ಟಿದಾಗಿನಿಂದ ನಾವು ಕಂಡ ಮರ್ಯಾದೆ ಅದು.

ಹಿಂದಿನ ಗಾಡಿಯಿಂದ ಗದರುವ ದನಿ ಬಂತು. ತಿರುಗಿ ನೋಡಿದೆ. ಆ ಪೊಲೀಸಿನವನು ತನ್ನ ಬಾಗಿಲ ಮರೆಗೆ ನಿಂತಿದ್ದ, ಕೈ ಸೊಂಟದ ಪಿಸ್ತೂಲಿನ ಮೇಲಿತ್ತು.

“ಚಿಕ್ಕಪ್ಪಾ, ಇಳೀಬ್ಯಾಡ್ರಿ. ಕೈ ಹೊರಗೆ ತೆಗೀರಿ, ಖಾಲಿ ಕೈ ತೋರಿಸ್ರಿ, ಒಳಗೆ ಬರ್ರಿ” ಎಂದಳು ರೇಣುಕಾ. ಕೂಗಲಿಲ್ಲ. ಆಸ್ಪತ್ರೆಯಲ್ಲಿ ಬೀಳುವಂತಿರುವ ರೋಗಿಗೆ ಹೇಳುವ ದನಿ ಅದು. ಇವರು ಜೇಬಿನಿಂದ ಕೈ ತೆಗೆದು, ಕಾಲು ಒಳಗೆ ಎಳೆದುಕೊಂಡರು. ಕಿವಿಯವರೆಗೂ ಬೆವರಿದ್ದರು. ನಾನು ಮನೆದೇವರನ್ನು ನೆನೆದೆ.

ಪೊಲೀಸಿನವನು ನಿಧಾನವಾಗಿ ಬಂದ. ನಮ್ಮ ಹೊಸ ಪಿಎಸ್‌ಐಗಳ ವಯಸ್ಸು, ಕೆನ್ನೆಯ ಮೇಲೆ ಬಿಸಿಲಿನ ಕೆಂಪು. ಹಿಂದಿನ ಬ್ರೇಕ್ ಲೈಟ್ ಒಂದು ಉರಿಯುತ್ತಿಲ್ಲ, ಅದಕ್ಕೆ ನಿಲ್ಲಿಸಿದೆ ಅಂದ. ಇವರೇಕೆ ಇಳಿದರು ಎಂದು ಕೇಳಿದ. ನಮ್ಮ ದೇಶದಲ್ಲಿ ಇಳಿಯುವುದೇ ಗೌರವ ಎಂದು ರೇಣುಕಾ ವಿವರಿಸಿದಳು. ಅವನು ಅದನ್ನು ನಂಬಿದನೋ ಇಲ್ಲವೋ, ಅವಳ ಡ್ರೈವಿಂಗ್ ಲೈಸೆನ್ಸ್ ಮತ್ತು ಇನ್ಶೂರೆನ್ಸ್ ಕಾಗದ ತೆಗೆದುಕೊಂಡು ತನ್ನ ಗಾಡಿಗೆ ಹೋದ. ಹೋಗುವಾಗ ಇವರ ಕಾಲ ಬಳಿಯ ಬ್ಯಾಗಿನ ಮೇಲೆ ಅವನ ಕಣ್ಣು ನಿಂತದ್ದನ್ನು ನಾನು ನೋಡಿದೆ.

“ಈಗ ಬಂದು ಡಿಕ್ಕಿ ತೆಗೆಸ್ತಾನೆ” ಅಂದರು ಇವರು. “ಮೊದಲೇ ತೆಗೆದು ತೋರಿಸವ್ವ. ನಾನೂ ಡಿಪಾರ್ಟ್‌ಮೆಂಟಿನೋನು ಅಂತ ಹೇಳು, ಬಿಟ್ಟುಬಿಡ್ತಾನೆ.”

ನನಗೆ ತಡೆಯಲಾಗಲಿಲ್ಲ. “ರೇಣುಕಾ, ಆ ಮಾತ್ರೆ ಬ್ಯಾಗಿನಾಗೇ ಐತೆ ಕಣೆ” ಅಂದೆ.

ಅವಳು ತಿರುಗಿ ನೋಡಲಿಲ್ಲ. ಕನ್ನಡಿಯಲ್ಲಿ ಅವಳ ಕಣ್ಣು ಮಾತ್ರ ಕಾಣುತ್ತಿತ್ತು.

“ನಂದು ಅಂತ ನಾನೇ ಹೇಳಿಬಿಡ್ತೀನವ್ವ” ಅಂದರು ಇವರು. ದನಿ ಬಿದ್ದುಹೋಗಿತ್ತು.

“ನಿಮ್ಮದು ಅಂದ್ರೂ ಕಾರು ನಂದು, ನರ್ಸು ನಾನು. ಯಾರು ನಂಬ್ತಾರೆ?” ಅವಳು ಕೈಯನ್ನು ಸ್ಟೇರಿಂಗ್ ಮೇಲಿಂದ ತೆಗೆಯದೆ ಮೆಲ್ಲಗೆ ಹೇಳಿದಳು. “ಸರಿಯಾಗಿ ಕೇಳ್ರಿ. ಲೈಟ್ ಉರೀಲಿಲ್ಲ ಅಂತ ನಿಲ್ಲಿಸಿದ ಮಾತ್ರಕ್ಕೆ ಗಾಡಿ ಒಳಗೆ ಹುಡುಕೋ ಹಾಗಿಲ್ಲ ಇಲ್ಲಿ. ಕಣ್ಣಿಗೆ ಏನಾದ್ರೂ ಬೀಳಬೇಕು, ಮೂಗಿಗೆ ವಾಸನೆ ಬರಬೇಕು, ಗಟ್ಟಿ ಕಾರಣ ಇರಬೇಕು. ಇಲ್ಲ ಅಂದ್ರೆ ನಾವೇ ಒಪ್ಪಬೇಕು. ಅದಕ್ಕೇ ಅವರು ನಯವಾಗಿ ಕೇಳೋದು. ಹೂಂ ಅಂದ್ರೆ ಮುಗೀತು, ಆಮೇಲೆ ಸಿಕ್ಕಿದ್ದೆಲ್ಲ ಲೆಕ್ಕಕ್ಕೆ. ಲೈಟಿನ ಚೀಟಿ ಬರಿಯಾಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಿಲ್ಲಿಸ್ಕೊಬಹುದು, ಅದಕ್ಕಿಂತ ಜಾಸ್ತಿ ಇಲ್ಲ. ಕಾರಿಗೆ ನಾನು ಒಪ್ಪಲ್ಲ ಅಂತೀನಿ. ಬ್ಯಾಗು ನಿಮ್ಮದು, ಅದಕ್ಕೆ ನಾನು ಉತ್ತರ ಕೊಡಾಕೆ ಬರಲ್ಲ. ನೀವೇ ಕೊಡಬೇಕು.”

“ನಾನಾ?”

“ಹೂಂ. ಸುಳ್ಳು ಹೇಳಬ್ಯಾಡ್ರಿ. ಬ್ಯಾಡ ಅನ್ರಿ, ಅಷ್ಟು ಸಾಕು.”

ಪೊಲೀಸಿನವನು ವಾಪಸ್ ಬಂದು ಬರೀ ಎಚ್ಚರಿಕೆ ಕೊಟ್ಟಿದ್ದೇನೆ, ದಂಡವಿಲ್ಲ, ಲೈಟ್ ಹಾಕಿಸಿಕೊಳ್ಳಿ ಅಂದ. ಲೈಸೆನ್ಸನ್ನು ಇನ್ನೂ ಕೈಯಲ್ಲೇ ಹಿಡಿದಿದ್ದ. ಆಮೇಲೆ ಹವೆಯ ಬಗ್ಗೆ ಮಾತಾಡುವವನ ಹಾಗೆ, ಕಾರಿನಲ್ಲಿ ನಾನು ತಿಳಿದಿರಬೇಕಾದ್ದು ಏನಾದರೂ ಇದೆಯೇ, ಒಮ್ಮೆ ನೋಡಿದರೆ ಅಡ್ಡಿಯಿಲ್ಲ ತಾನೇ ಎಂದು ಕೇಳಿದ.

“ನನ್ನ ಕಾರಿನ ತಪಾಸಣೆಗೆ ನಾನು ಒಪ್ಪುವುದಿಲ್ಲ, ಆಫೀಸರ್” ಎಂದಳು ರೇಣುಕಾ. ವಿನಯವಾಗಿಯೇ ಹೇಳಿದಳು.

ಅವನು ತಲೆಯಾಡಿಸಿ, ಬಗ್ಗಿ, ನಮ್ಮ ಯಜಮಾನರನ್ನು ನೋಡಿದ. “ಸರ್, ಆ ಬ್ಯಾಗು ನಿಮ್ಮದಾ? ನಾನು ನೋಡಬಹುದಾ?”

ಇವರ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೆ ಈ ಪ್ರಶ್ನೆಯನ್ನು ಯಾವ ಭಾಷೆಯಲ್ಲಿ ಕೇಳಿದರೂ ಇವರಿಗೆ ಅರ್ಥವಾಗುತ್ತದೆ. ಸರ್ವಿಸ್ ಪೂರ್ತಿ ಅವರೇ ಕೇಳಿದ ಪ್ರಶ್ನೆ ಅದು. ಅವರ ಬಲಗೈ ತಾನಾಗಿಯೇ ಬ್ಯಾಗಿನ ಕಡೆಗೆ ಹೋಯಿತು. ಬೆರಳು ಜಿಪ್ಪಿನ ತುದಿ ಹಿಡಿದಿತ್ತು. ಯೂನಿಫಾರಂ ಹಾಕಿದವರು ಕೇಳಿದಾಗ ಇವರು ಇಲ್ಲ ಎಂದದ್ದನ್ನು ನಾನು ಒಂದು ದಿನವೂ ಕಂಡವಳಲ್ಲ. ಮೇಲಧಿಕಾರಿಗಳ ಮನೆಗೆ ತರಕಾರಿ ತಂದುಕೊಟ್ಟ ಕಾಲದಲ್ಲೂ ಇಲ್ಲ ಅಂದಿರಲಿಲ್ಲ. ಬ್ಯಾಗು ನನ್ನದಲ್ಲ, ಮಾತಾಡಲು ನನಗೆ ಹಕ್ಕಿರಲಿಲ್ಲ. ನಾನು ಸೀಟಿನ ಸಂದಿಯಲ್ಲಿ ಕೈ ತೂರಿಸಿ ಅವರ ಷರ್ಟು ಹಿಡಿದುಕೊಂಡೆ.

“ನೋ ಸರ್” ಅಂದರು. “ಸಾರಿ ಸರ್. ನೋ.”

ಪೊಲೀಸಿನವನು ಅವರ ಮುಖವನ್ನೇ ನೋಡಿದ. ಆ ಹೊತ್ತು ಎಷ್ಟು ಎಂದು ನನಗೆ ಹೇಳಲಾಗದು. ರಸ್ತೆಯಲ್ಲಿ ಬೇರೆ ಗಾಡಿಯೂ ಬರಲಿಲ್ಲ. ಆಮೇಲೆ ಅವನು ನೆಟ್ಟಗೆ ನಿಂತು, “ಸರಿ ಸರ್, ಅದು ನಿಮ್ಮ ಹಕ್ಕು” ಎಂದು ಲೈಸೆನ್ಸನ್ನು ರೇಣುಕಾಳ ಕೈಗೆ ಕೊಟ್ಟು, ಹುಷಾರಾಗಿ ಹೋಗಿ ಎಂದು ಹೇಳಿ ಹೊರಟುಹೋದ.

ಒಂದು ಪೆಟ್ರೋಲ್ ಬಂಕ್

ಮೊದಲು ಸಿಕ್ಕ ಬಂಕಿನ ಹಿಂದೆ ರೇಣುಕಾ ಕಾರು ನಿಲ್ಲಿಸಿ, ಇಂಜಿನ್ ಆರಿಸಿ, ಸ್ಟೇರಿಂಗ್ ಮೇಲೆ ತಲೆ ಇಟ್ಟುಬಿಟ್ಟಳು. ಅಳು ಕೇಳಿಸಲಿಲ್ಲ, ಬೆನ್ನು ಮಾತ್ರ ಅಲುಗುತ್ತಿತ್ತು. ನಾನು ಬೆನ್ನು ಸವರಿದೆ. ಇವರು ಕಿಟಕಿಯ ಆಚೆ ನೋಡುತ್ತ ಕೂತಿದ್ದರು.

“ಹೇಳಿದ್ದೆ ಚಿಕ್ಕಪ್ಪಾ” ಅಂದಳು ಕಡೆಗೆ. “ಬಾಯಿಬಿಟ್ಟು ಹೇಳಿದ್ದೆ ನಿಮಗೆ.”

“ಹೌದವ್ವ.”

“ನಿಮ್ಮನ್ನ ಅಪ್ಪ ಅಂತಾನೇ ತಿಳಿದೀನಿ. ನೀವೇ ಹಿಂಗೆ ಮಾಡಿದ್ರೆ?”

ನಾನು ಬೈಯಬೇಕೆಂದು ಕಟ್ಟಿಟ್ಟುಕೊಂಡಿದ್ದ ಮಾತನ್ನೆಲ್ಲ ಅಲ್ಲಿಗೇ ಬಿಟ್ಟೆ. ಅವಳ ಆ ಒಂದು ಮಾತು ಸಾಕಾಗಿತ್ತು. ನಾನು ಒಳಗೆ ಹೋಗಿ ನೀರು ತಂದೆ. ಕೌಂಟರಿನ ಹುಡುಗಿ ಹೇಗಿದ್ದೀರಿ ಎಂದಳು. ಚೆನ್ನಾಗಿದ್ದೇನೆ ಅಂದೆ. ಅಷ್ಟರಲ್ಲಿ ನನಗೂ ಅಲ್ಲಿಯ ಅಭ್ಯಾಸ ಬಂದಿತ್ತು.

ನೀರು ಕುಡಿದ ಮೇಲೆ ಇವರು ಬಹಳ ಹೊತ್ತು ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದರು.

“ಅವನಿಗೆ ಸಿಟ್ಟು ಬರಲಿಲ್ಲ ನೋಡು” ಅಂದರು. “ಬ್ಯಾಡ ಅಂದೆ, ಹೋದ.”

“ಎಲ್ಲರಿಗೂ ಹಿಂಗಾಗಲ್ಲ ಚಿಕ್ಕಪ್ಪ” ಅಂದಳು ರೇಣುಕಾ, ಮೂಗು ಒರೆಸಿಕೊಳ್ಳುತ್ತ. “ನನ್ನ ಜೊತೆ ಕೆಲಸ ಮಾಡೋ ಒಬ್ಬಾಕೆ ಅವಳೆ, ಕರಿಯ ಜನ. ಅವಳ ತಮ್ಮ ಇದೇ ಮಾತು ಇಷ್ಟೇ ಮರ್ಯಾದೆಯಿಂದ ಹೇಳಿದ್ದಕ್ಕೆ ರಸ್ತೆ ಮ್ಯಾಲೆ ಬೋರಲು ಮಲಗಿಸಿದ್ರು. ಕಾಗದದಾಗೆ ಎಲ್ಲರಿಗೂ ಒಂದೇ ಕಾನೂನು.”

“ನಮ್ಮ ಕಾಗದದಾಗೂ ಐತೆ.” ಇವರು ಅವಳ ಕಡೆ ತಿರುಗಿದರು. “ಯಾಕೆ ಹುಡುಕ್ತೀನಿ ಅನ್ನೋ ಕಾರಣ ಮೊದಲು ಬರೀಬೇಕು, ಆಮೇಲೆ ಹುಡುಕಬೇಕು. ಟ್ರೈನಿಂಗಿನಾಗೆ ಬಾಯಿಪಾಠ ಮಾಡಿಸಿದ್ರು. ಹುಡುಕೋದನ್ನ ವಿಡಿಯೋ ಮಾಡಬೇಕು ಅಂತ ಹೊಸಾ ಕಾನೂನು ಬೇರೆ ಬಂದೈತಂತೆ. ಬಿಸಿಲಾಗೆ ನಿಂತು ಸಾಲುಗಟ್ಟಿದ ಗಾಡಿ ನೋಡೋನು ಎಲ್ಲಿ ಬರೀತಾನೆ ಹೇಳು. ಕೇಳಿದೋರಾದ್ರೂ ಯಾರವ್ರೆ? ಜಗಳೂರಿನಾಗೆ ಒಂದು ಸಲ ಬಾಣಂತಿನ ಕರ್ಕೊಂಡು ತವರಿಗೆ ಹೊಂಟಿದ್ರು. ಆಟೋದಾಗಿದ್ದ ಗಂಟು ಬಿಚ್ಚಿಸಿದೆ. ಮಗುವಿನ ಬಟ್ಟೆ, ಬಾಣಂತಿ ಖಾರ, ಎಲ್ಲಾ ಆ ಮಣ್ಣಿನ ಮ್ಯಾಲೆ. ಏನೂ ಇರಲಿಲ್ಲ. ಆಕೆ ತಾಯಿ ಒಂದೊಂದೇ ಬಟ್ಟೆ ಕೊಡವಿ ಕಟ್ಕೊಂಡು, ಬರ್ತೀನಿ ಸಾಹೇಬ್ರೆ ಅಂತ ಕೈ ಮುಗಿದು ಹೋದ್ಲು.”

ಬಾಟಲಿಯನ್ನು ಕಾಲ ಬಳಿ ಇಟ್ಟರು.

“ಆಕೆ ಗಂಟಿನಾಗೆ ಏನೂ ಇರಲಿಲ್ಲ, ಬಿಚ್ಚಿಸಿದೆ. ನನ್ನ ಬ್ಯಾಗಿನಾಗೆ ಇತ್ತು, ಪಾರಾದೆ” ಅಂದರು. “ಇದು ನ್ಯಾಯನೋ ಅನ್ಯಾಯನೋ ನನಗೆ ತಿಳೀವಲ್ದು.”

ನನಗೂ ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ. ರೇಣುಕಾಳ ಬದುಕು ಉಳಿಯಿತು ಎಂಬುದಷ್ಟೇ ಆಗ ನನಗೆ ಮುಖ್ಯವಾಗಿತ್ತು, ಅದಕ್ಕಾಗಿ ನಾನು ಯಾವ ಕಾನೂನಿಗೆ ಬೇಕಾದರೂ ಕೈ ಮುಗಿಯುತ್ತಿದ್ದೆ. ಆದರೆ ಪೂರ್ತಿ ಉಳಿದಿರಲಿಲ್ಲ. ಮಾತ್ರೆ ಇನ್ನೂ ಕಾರಿನಲ್ಲೇ ಇತ್ತು.

ಹೊಳೆ ದಂಡೆಯ ಊರು

ಬೇಡವಾದ ಔಷಧಿ ಹಾಕಲು ಅಲ್ಲಿ ಕಬ್ಬಿಣದ ಡಬ್ಬ ಇಟ್ಟಿರುತ್ತಾರೆ, ನಮ್ಮ ಅಂಚೆ ಡಬ್ಬದಂಥದ್ದು. ಔಷಧಿ ಅಂಗಡಿಗಳಲ್ಲಿ ಇರುತ್ತದೆ, ಕೆಲವು ಊರುಗಳಲ್ಲಿ ಪೊಲೀಸ್ ಠಾಣೆಯಲ್ಲೇ ಇರುತ್ತದೆ. ರೇಣುಕಾ ಫೋನಿನಲ್ಲಿ ಹುಡುಕಿದಳು. ಹತ್ತಿರದಲ್ಲಿ ಇದ್ದದ್ದು ಹೊಳೆ ದಂಡೆಯ ಊರಿನ ಠಾಣೆಯಲ್ಲಿ. ಅಲ್ಲಿಯವರೆಗೆ ಅವಳು ಸೈಕಲ್ಲಿಗಿಂತ ಸ್ವಲ್ಪ ಜೋರಾಗಿ ಕಾರು ಓಡಿಸಿದಳು. ಎದುರಿಗೆ ಬಿಳಿ ಕಾರು ಬಂದರೂ ಪೊಲೀಸರದೇ ಇರಬೇಕೆಂದು ಮೂವರೂ ಉಸಿರು ಹಿಡಿಯುತ್ತಿದ್ದೆವು. ಹೊಳೆ ಎಡಗಡೆ ಕಂಡಿತು. ಅಗಲವಾಗಿತ್ತು, ಮಣ್ಣಿನ ಬಣ್ಣದ್ದಾಗಿತ್ತು. ಯಾರೂ ಅದರ ಕಡೆ ತಿರುಗಲಿಲ್ಲ.

ಠಾಣೆಯ ಮುಂದೆ ಅವಳು ಕೈ ಚಾಚಿ “ಕೊಡ್ರಿ, ನಾನು ಹಾಕಿ ಬರ್ತೀನಿ” ಅಂದಳು.

“ಬ್ಯಾಡ. ತಂದೋನು ನಾನು” ಅಂದರು ಇವರು. “ಅಲ್ಲಿ ಹಿಡ್ಕೊಂಡ್ರೆ ನನ್ನನ್ನೇ ಹಿಡ್ಕೊಳ್ಳಲಿ. ನೀನು ಕಾರಿನಾಗೆ ಕೂತಿರು.”

“ಹಿಡ್ಕೊಳ್ಳಲ್ಲ ಚಿಕ್ಕಪ್ಪ, ಕೇಳೋದೂ ಇಲ್ಲ” ಅಂದರೂ ಅವರು ನಂಬಲಿಲ್ಲ. ಠಾಣೆಯೊಳಗೆ ಹೋದ ಮೇಲೆ ಏನಾಗುತ್ತದೆ ಎಂದು ತಮಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂಬ ಮುಖ ಮಾಡಿಕೊಂಡು ಬ್ಯಾಗು ಹೆಗಲಿಗೆ ಹಾಕಿಕೊಂಡರು. ಪಾಸ್‌ಪೋರ್ಟನ್ನು ನನ್ನ ಕೈಗೆ ಕೊಟ್ಟರು. ಭಾಷೆಗೆಂದು ನಾನು ಜೊತೆಗೆ ಹೋದೆ.

ಒಳಗೆ ಫಿನಾಯಿಲ್ ವಾಸನೆ, ಗೋಡೆಗೆ ಒರಗಿಸಿದ ಬೆಂಚು. ಗಾಜಿನ ಹಿಂದೆ ಯೂನಿಫಾರಮ್ಮಿನ ಹೆಂಗಸೊಬ್ಬಳು ಕಂಪ್ಯೂಟರಿನಲ್ಲಿ ಏನೋ ಟೈಪು ಮಾಡುತ್ತಿದ್ದಳು. ಡ್ರಗ್ಸ್ ಎಂದು ದೊಡ್ಡದಾಗಿ ಬರೆದ ಹಸಿರು ಡಬ್ಬ ಬಾಗಿಲ ಪಕ್ಕದಲ್ಲೇ ಇತ್ತು. ಇವರು ಅದರ ಮುಂದೆ ನಿಂತು ಸಂಚಿಯನ್ನು ಬಿಚ್ಚಿ, ಒಂದೊಂದೇ ಪಟ್ಟಿಯನ್ನು ಆ ಹೆಂಗಸಿಗೆ ಕಾಣುವಂತೆ ಎತ್ತಿ ಹಿಡಿದು ಒಳಗೆ ಹಾಕಿದರು. ಎಲ್ಲ ಮುಗಿದ ಮೇಲೆ ಸಂಚಿಯನ್ನು ತಿರುವಿ ಕೊಡವಿದರು. ಆಮೇಲೆ ಕಾಲು ಜೋಡಿಸಿ, ಕೈ ಕೆಳಗೆ ಬಿಟ್ಟು, ನಿಂತೇ ಇದ್ದರು.

ಆ ಹೆಂಗಸು ತಲೆ ಎತ್ತಿ “ಇನ್ನೇನಾದರೂ ಬೇಕಿತ್ತಾ?” ಎಂದಳು.

“ಏನು ಹಾಕಿದೆ ಅಂತ ಯಾಕೆ ಕೇಳಲಿಲ್ಲ ಅಂತ ಕೇಳೇ” ಅಂದರು ನನಗೆ.

ಕೇಳಿದೆ. ಅವಳು ಇದೊಂದು ಪ್ರಶ್ನೆಯೇ ಎಂಬಂತೆ ನೋಡಿದಳು. “ಕೇಳಿದರೆ ಯಾರೂ ತರುವುದಿಲ್ಲವಲ್ಲ” ಅಂದು ಮತ್ತೆ ಟೈಪು ಮಾಡತೊಡಗಿದಳು.

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಇವರು ಖಾಲಿ ಸಂಚಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದು ಒಂದು ಕಡೆ ನಿಂತರು. ಮಾತ್ರೆಯ ಗುಣ ಇಳಿಯುತ್ತ ಬಂದು ಸೊಂಟ ಮತ್ತೆ ಹಿಡಿದುಕೊಳ್ಳುತ್ತಿತ್ತು. ತೋಳು ಹಿಡಿಯಲು ಹೋದರೆ ಬೇಡ ಅಂದರು.

ರೇಣುಕಾ ಕಾರಿನಿಂದ ಇಳಿದು ಕಾಯುತ್ತಿದ್ದಳು. ಇವರು ಕುಂಟುತ್ತ ಅವಳ ಹತ್ತಿರ ಹೋಗಿ, ಹೆಗಲಿನಿಂದ ಬ್ಯಾಗು ಇಳಿಸಿ, ಜಿಪ್ಪನ್ನು ಈ ತುದಿಯಿಂದ ಆ ತುದಿಯವರೆಗೂ ಎಳೆದು, ಬಾಯಿ ಅಗಲಿಸಿ ಅವಳ ಮುಂದೆ ಹಿಡಿದರು.

“ನೋಡ್ಕೊಳ್ಳವ್ವ” ಅಂದರು. “ಒಂದು ಸಲ ಸುಳ್ಳು ಹೇಳಿದೀನಿ. ಕೈ ಹಾಕಿ ನೋಡ್ಕೋ.”

ಅವಳು ಒಳಗೆ ಬಗ್ಗಿಯೂ ನೋಡಲಿಲ್ಲ. ಅವರ ಕೈಯಿಂದ ಬ್ಯಾಗು ತೆಗೆದುಕೊಂಡು, ಜಿಪ್ ಹಾಕಿ, ತನ್ನ ಹೆಗಲಿಗೆ ಏರಿಸಿಕೊಂಡಳು.

“ನಡೀರಿ ಚಿಕ್ಕಪ್ಪ, ಹೊಳೆ ನೋಡಾನ” ಅಂದಳು.